ಬಿಸಿಲಿಗಿಟ್ಟ ಸ್ಕ್ರೀನು

ಮಾರ್ಚ್ 3, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಬಲಗೈಯ ಮೂರು ಬೆರಳು ಮುರಿದಿವೆ. ಮುರಿದವನು ಒಬ್ಬ ವೆಲ್ಡರ್. ಅವನನ್ನು ಬಿಡುವುದಿಲ್ಲ. ಇಷ್ಟಕ್ಕೇ ಕೈ ಸೋತಿತು.

ಮಾರ್ಚ್ 5, ಬುಧವಾರ

ಕೈ ವ್ಯಾಯಾಮ ಮಾಡಿಸುವ ಮೇಡಂ ಹೇಳಿದ್ದು: ‘ದಿನಾ ನಾಲ್ಕು ಸಾಲು ಎಡಗೈಲಿ ಬರೀರಿ. ಪ್ಲಾಸ್ಟರ್ ತೆಗೆದ ಮೇಲೆ ಬಲಗೈಲಿ ಬರೀರಿ. ಏನಾದ್ರೂ ಬರೀರಿ, ಯಾರೂ ಓದಲ್ಲ.’ ಯಾರೂ ಓದುವುದಿಲ್ಲ ಎಂದ ಮೇಲೆ ಬಾಯಿಗೆ ಬಂದದ್ದೆಲ್ಲ ಬರೆಯಬಹುದು.

ನಡೆದದ್ದು ಇಷ್ಟು. ಕಳೆದ ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಒಂದು ಹಳೆಯ ಕಾರಿನ ಡ್ಯಾಶ್‌ಬೋರ್ಡಿನಿಂದ ದಾರಿ ತೋರಿಸುವ ಸ್ಕ್ರೀನ್ ಬಿಚ್ಚುತ್ತಿದ್ದೆ. ಹದಿನೆಂಟು ವರ್ಷದಿಂದ ಅದೇ ನನ್ನ ಕೆಲಸ. ಕಂಪನಿಯವರು ಕೈಬಿಟ್ಟ ಸ್ಕ್ರೀನು, ಹೊಸದು ಸಿಗದ ಸ್ಕ್ರೀನು, ಎಲ್ಲವೂ ಕೊನೆಗೆ ನನ್ನ ಮೇಜಿಗೇ ಬರುತ್ತವೆ. ಒಬ್ಬ ದಾಂಡಿಗ ಬಂದು ನಿಂತ. ಕೂಗಾಡಲಿಲ್ಲ. ‘ಆ ಸ್ಯಾಂಪಲ್ ಮೇಡಂ ಕಾರಿನ ಸ್ಕ್ರೀನ್ ರಿಪೇರಿ ಮಾಡಿದ್ದು ನೀನೇನಾ?’ ಎಂದ. ಹೌದು ಎಂದೆ. ‘ಯಾವ ಕೈಲಿ?’ ಎಂದ. ತಮಾಷೆ ಎಂದುಕೊಂಡು ಬಲಗೈ ಎತ್ತಿ ತೋರಿಸಿದೆ.

ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ತೆರೆದಿದ್ದ ಕಾರಿನ ಬಾಗಿಲ ಸಂದಿಗೆ ಇಟ್ಟು, ಇನ್ನೊಂದು ಕೈಯಿಂದ ಬಾಗಿಲನ್ನು ದಡಾರನೆ ಎಳೆದ. ಕಡಲೆಕಾಯಿ ಒಡೆದ ಹಾಗೆ ಸದ್ದು. ನೋವು ಬರುವ ಮೊದಲೇ ಬಾಗಿಲು ತೆರೆದು ಮತ್ತೊಮ್ಮೆ ಎಳೆದ. ಆಮೇಲೆ ನಾನು ನೆಲದ ಮೇಲಿದ್ದೆ. ನನ್ನ ಉಗುರೊಂದು ಬಾಗಿಲ ರಬ್ಬರಿಗೆ ಅಂಟಿಕೊಂಡಿತ್ತು. ಅದನ್ನೇ ನೋಡುತ್ತಿದ್ದೆ.

ಅಂಗಡಿ ನನ್ನ ಅಕ್ಕನ ಗಂಡನದು. ಭಾವ ಕಬ್ಬಿಣದ ಸಲಾಕೆ ಹಿಡಿದು ಓಡಿ ಬರುವಷ್ಟರಲ್ಲಿ ಅವನು ಬೈಕ್ ಹತ್ತಿ ಹೋಗಿಯಾಗಿತ್ತು. ಭಾವ ಓಡಿದ ಚಂದ ನೋಡಿದರೆ ಅವನು ಬೈಕ್ ಹತ್ತಲಿ ಎಂದೇ ಕಾದಿದ್ದರೇನೋ.

ಮಾರ್ಚ್ 8, ಶನಿವಾರ

ಕಾರಣ ತಿಳಿಯಿತು. ತಿಳಿದ ಮೇಲೆ ಮೈ ಇನ್ನಷ್ಟು ಉರಿಯಿತು.

ಸ್ಯಾಂಪಲ್ ಮೇಡಂ ಎಂದರೆ ಲ್ಯಾಬಿನ ಹೆಂಗಸು. ಮನೆಮನೆಗೆ ಕಾರಿನಲ್ಲಿ ಹೋಗಿ ಸೂಜಿ ಚುಚ್ಚಿ ಪರೀಕ್ಷೆಗೆ ರಕ್ತ ತರುವವಳು. ವೆಲ್ಡರ್ ಅವಳ ಅಣ್ಣ. ಗಂಡ ಡ್ರೈವಿಂಗ್ ಸ್ಕೂಲ್ ಇಟ್ಟಿದ್ದಾನೆ, ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಾರೆ. ಗಂಡ ಹೆಂಡತಿಗೆ ಜಗಳವಾಗಿ ಅವಳು ಆಸ್ಪತ್ರೆಯಲ್ಲಿದ್ದಾಳೆ. ವೆಲ್ಡರ್ ಹೇಳುವುದೇನೆಂದರೆ, ಕಾರಿನಲ್ಲಿ ಕೂತು ಅಣ್ಣ ತಂಗಿ ಮಾತಾಡುತ್ತಿದ್ದಾಗ ಅವಳ ಫೋನಿಗೆ ಜೋಡಿಸಿದ್ದ ನನ್ನ ಸ್ಕ್ರೀನು ತನ್ನಷ್ಟಕ್ಕೆ ತಾನೇ ಗಂಡನಿಗೆ ಫೋನ್ ಮಾಡಿತಂತೆ. ಗಂಡ ಎಲ್ಲವನ್ನೂ ಕೇಳಿಸಿಕೊಂಡನಂತೆ. ಅದಕ್ಕೇ ಹೊಡೆದನಂತೆ.

ಹದಿನೆಂಟು ವರ್ಷದಲ್ಲಿ ನಾನು ಮಾಡಿದ ಕೆಲಸ ಒಂದೂ ವಾಪಸ್ ಬಂದಿಲ್ಲ. ಯಾವ ಗುಂಡಿಗೆ ಕೈ ತಾಗಿಸಿಕೊಂಡಳೋ ಅವಳು, ಅದಕ್ಕೆ ನನ್ನ ಬೆರಳು ಮುರಿಯಬೇಕೆ? ಫೆಬ್ರವರಿಯಲ್ಲಿ ಅವಳೇ ಕಾರು ತಂದಿದ್ದಳು. ಸ್ಕ್ರೀನಿನ ಮೇಲಿನ ಗಾಜು ಗುಳ್ಳೆ ಎದ್ದಿತ್ತು, ಮುಟ್ಟದಿದ್ದರೂ ಏನೇನೋ ಒತ್ತಿಕೊಳ್ಳುತ್ತಿತ್ತು. ಹೊಸ ಗಾಜು ಕೂರಿಸಿ, ಹತ್ತು ನಿಮಿಷ ಓಡಿಸಿ ನೋಡಿ ಕೊಟ್ಟೆ. ಬಿಸಿಲಿನ ಬಗ್ಗೆ ಅವಳು ಏನೋ ಹೇಳುತ್ತಿದ್ದಳು. ಗಿರಾಕಿಗಳು ನೂರು ಹೇಳುತ್ತಾರೆ. ಎಲ್ಲಕ್ಕೂ ಕಿವಿ ಕೊಟ್ಟರೆ ಸ್ಕ್ರೂ ಬಿಚ್ಚುವವರು ಯಾರು?

ವೆಲ್ಡರ್ ಮೇಲೆ ದೂರು ಕೊಟ್ಟು ಬಂದೆ. ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಅವನ ಎರಡೂ ಕೈ ಬಾಗಿಲ ಸಂದಿಯಲ್ಲಿರುವುದನ್ನು ಊಹಿಸಿಕೊಂಡು ಮಲಗುತ್ತೇನೆ, ನಿದ್ದೆ ಚೆನ್ನಾಗಿ ಬರುತ್ತದೆ.

ಮಾರ್ಚ್ 11, ಮಂಗಳವಾರ

ಮೇಷ್ಟ್ರು ಮನೆಗೇ ಬಂದಿದ್ದ. ಬಂದಿದ್ದರು ಎಂದು ಬರೆಯಬೇಕು, ಅಷ್ಟು ಮರ್ಯಾದಸ್ಥ. ಪೊಲೀಸರು ವಿಚಾರಣೆಗೆ ಎರಡು ದಿನ ಇಟ್ಟುಕೊಂಡು ಬಿಟ್ಟಿದ್ದಾರಂತೆ, ಮತ್ತೆ ಕರೆಯುತ್ತಾರಂತೆ. ಕಿತ್ತಳೆ ತಂದಿದ್ದರು. ನನ್ನ ಕೈ ನೋಡಿ, ‘ಅಯ್ಯೋ, ಸುಲಿಯೋಕೂ ಆಗಲ್ವಲ್ಲ ನಿಮಗೆ’ ಎಂದು ತಾವೇ ಸುಲಿದು, ಒಂದೊಂದೇ ತೊಳೆ ಬಿಡಿಸಿ, ಬೀಜ ತೆಗೆದು ತಟ್ಟೆಯಲ್ಲಿಟ್ಟರು. ಅವರ ಬೆರಳ ಗಿಣ್ಣುಗಳ ಮೇಲೆ ಒಣಗಿದ ಗಾಯ. ಡ್ರೈವಿಂಗ್ ಕಲಿಸುವ ಕೈ, ಎಲ್ಲೋ ತರಚಿರಬೇಕು.

‘ನಮ್ಮಿಬ್ಬರಿಗೂ ಒಬ್ಬನೇ ವೈರಿ ಸಾರ್’ ಎಂದರು. ‘ಅವಳೇ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದಳು, ಹನ್ನೊಂದು ನಿಮಿಷ. ಅವಳ ಫೋನಲ್ಲೇ ಇದೆ ಲೆಕ್ಕ. ಮನೆಗೆ ಬಂದ ಮೇಲೂ ನಿಲ್ಲಿಸಲಿಲ್ಲ. ನಾನು ತಳ್ಳಿದ್ದು ಅಷ್ಟೇ, ಅವಳೇ ಹೋಗಿ ಮೆಟ್ಟಿಲ ಮೇಲೆ ಬಿದ್ದಳು. ಈಗ ಅಣ್ಣ ತಂಗಿ ಸೇರ್ಕೊಂಡು ನಿಮ್ಮ ಕೆಲಸಕ್ಕೆ ಮಸಿ ಬಳೀತಿದಾರೆ.’

ನನ್ನ ಕೆಲಸದ ಬಗ್ಗೆ ಇಷ್ಟು ಕಳಕಳಿ ಯಾರೂ ತೋರಿಸಿರಲಿಲ್ಲ. ಕಣ್ಣು ತುಂಬಿ ಬಂತು.

ಅವರು ಹೋದ ಮೇಲೆ ನನ್ನ ಹೆಂಡತಿ ಆ ತೊಳೆಗಳನ್ನು ಕಸದ ಬುಟ್ಟಿಗೆ ಸುರಿದಳು. ಇವಳು ಅದೇ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾಕೆ ಎಂದು ಕೇಳಿದರೆ, ‘ಹುಳಿ ಇತ್ತು’ ಎಂದಳು. ತಿಂದು ನೋಡಿರಲೇ ಇಲ್ಲ.

ಮಾರ್ಚ್ 14, ಶುಕ್ರವಾರ

ಮೇಷ್ಟ್ರು ಆ ಕಾರನ್ನೇ ಅಂಗಡಿಯಲ್ಲಿ ತಂದು ಬಿಟ್ಟರು. ಸ್ಕ್ರೀನ್ ಸರಿಯಾಗಿದೆ, ತಾನಾಗಿ ಫೋನ್ ಮಾಡುವ ಸಾಧ್ಯತೆ ಇಲ್ಲ ಎಂದು ಅಂಗಡಿಯ ಕಾಗದದಲ್ಲಿ ಒಂದು ಪತ್ರ ಬೇಕಿತ್ತು. ಜೊತೆಗೆ ಸೀಟಿನ ಕವರ್ ಬದಲಾಯಿಸಬೇಕಿತ್ತು. ಭಾವ ಬರೆದರು, ನಾನು ಎಡಗೈಯಲ್ಲಿ ಸಹಿ ಗೀಚಿದೆ. ನಾನು ಕೂರಿಸಿದ ಸ್ಕ್ರೀನನ್ನು ನಾನೇ ಮತ್ತೆ ನೋಡಬೇಕೇ? ನೋಡಲಿಲ್ಲ.

ಮುಂದಿನ ಸೀಟಿನ ಬೆಲ್ಟಿನ ಮೇಲೆ ಅಂಗೈ ಅಗಲ ಕಂದು ಕಲೆ. ಭಾವ ಅದನ್ನು ನೋಡಿ ನನ್ನ ಮುಖ ನೋಡಿದರು. ‘ಕಾಫಿ ಇರ್ಬೇಕು ಭಾವ’ ಎಂದೆ. ‘ಇರ್ಬೇಕು’ ಎಂದರು. ಕವರ್ ಬದಲಾಯಿಸುವ ಕೆಲಸ ಮಾತ್ರ ಇವತ್ತು ಬೇಡ, ನಾಳೆ ನೋಡೋಣ ಎಂದು ಕಾರನ್ನು ಹಿಂದಿನ ಅಂಗಳಕ್ಕೆ ತಳ್ಳಿಸಿಬಿಟ್ಟರು.

ಮಾರ್ಚ್ 20, ಗುರುವಾರ

ನನ್ನ ಪತ್ರ ಕೆಲಸ ಮಾಡಿತು. ಮೊನ್ನೆ ಮೇಷ್ಟ್ರನ್ನು ಬಂಧಿಸಿದ್ದರಂತೆ. ಹೆಂಡತಿಯೇ ಫೋನ್ ಮಾಡಿ ಕೆಣಕಿದ್ದು ಎಂಬುದಕ್ಕೆ ವಕೀಲ ಆ ಪತ್ರವನ್ನೇ ಮುಂದಿಟ್ಟನಂತೆ. ಇವತ್ತು ಜಾಮೀನು ಸಿಕ್ಕಿತು. ಮೇಷ್ಟ್ರು ಫೋನ್ ಮಾಡಿ ‘ನಿಮ್ಮ ಋಣ ಮರೆಯಲ್ಲ’ ಎಂದರು. ಒಬ್ಬ ಒಳ್ಳೆಯವನಿಗೆ ನೆರವಾದೆ ಎಂದು ಹೊಟ್ಟೆ ತಣ್ಣಗಾಯಿತು.

ಇವಳಿಗೆ ಹೇಳಿದೆ. ‘ಅವನು ಆಗಲೇ ಬಂದು ಆಸ್ಪತ್ರೆ ಗೇಟಲ್ಲಿ ನಿಂತಿದ್ದ. ನನ್ನ ಕೌಂಟರ್‌ಗೆ ಬಂದು, ಅವಳನ್ನ ಯಾವತ್ತು ಮನೆಗೆ ಕಳಿಸ್ತಾರೆ ಅಂತ ಕೇಳಿದ’ ಎಂದಳು. ಗಂಡ ಕೇಳದೆ ಪಕ್ಕದ ಮನೆಯವನು ಕೇಳುತ್ತಾನೆಯೇ ಎಂದೆ. ‘ಅವಳ ಮುಖ ಒಂದು ಸಲ ನೋಡ್ಕೊಂಡು ಬನ್ನಿ’ ಎಂದಳು. ಎಡಗೈಗೆ ಸಿಕ್ಕ ಲೋಟ ಎಸೆದೆ. ಗೋಡೆಗೆ ತಾಗಿತು. ಗುರಿ ಗೋಡೆಯೇ ಆಗಿತ್ತು.

ಮಾರ್ಚ್ 21, ಶುಕ್ರವಾರ

ಬೆರಳು ಒಳಗೊಳಗೇ ಬಡಿದುಕೊಳ್ಳುತ್ತಿವೆ. ಬರೆಯುವ ಮನಸ್ಸಿಲ್ಲ.

ಮಾರ್ಚ್ 27, ಗುರುವಾರ

ಇವತ್ತು ಮನೆಯಲ್ಲಿ ರಂಪವಾಯಿತು. ಪ್ಲಾಸ್ಟರ್ ಒಳಗೆ ತುರಿಕೆ, ಅಂಗಿಯ ಗುಂಡಿ ಹಾಕಿಕೊಳ್ಳಲಾಗದ ಸಿಟ್ಟು. ಇವಳು ಗುಂಡಿ ಹಾಕುತ್ತಾ ಹಾಕುತ್ತಾ, ‘ನಿಮಗೆ ಮೂರು ಬೆರಳು. ಅವಳಿಗೆ ದವಡೆ ಎರಡು ಕಡೆ, ಕೆನ್ನೆ ಮೂಳೆ, ಒಂದು ಕಣ್ಣು ಇನ್ನೂ ತೆರೆದಿಲ್ಲ. ಚಕ್ರ ಬಿಚ್ಚೋ ಸ್ಪ್ಯಾನರ್ ಅಂತೆ. ಮೆಟ್ಟಿಲು ಆ ಥರ ಹೊಡೆಯಲ್ಲ’ ಎಂದಳು. ಯಾರ ಮನೆ ಉಪ್ಪು ತಿಂದು ಯಾರ ಪರ ಮಾತಾಡುತ್ತಿದ್ದೀಯ ಎಂದು ಕೇಳಿದೆ. ತಾನೂ ದುಡಿಯುತ್ತೇನೆ, ಉಪ್ಪು ತಾನೇ ತರುತ್ತೇನೆ ಎಂದು ತಿರುಗಿ ಹೇಳಿದಳು.

ನಾನು ತಳ್ಳಿದ್ದು ಅಷ್ಟೇ, ಅವಳೇ ಹೋಗಿ ಬೀರುವಿಗೆ ತಾಗಿದಳು. ಹುಬ್ಬಿನ ಮೇಲೆ ಒಂದು ಸಣ್ಣ ಗೀರು. ಅಷ್ಟಕ್ಕೇ ಹಾಸಿಗೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದಳು. ಪ್ಲಾಸ್ಟರ್ ತಾಗಿ ನನ್ನ ಕೈಯೂ ನೋಯುತ್ತಿದೆ, ಅದನ್ನು ಕೇಳುವವರಿಲ್ಲ.

ಏಪ್ರಿಲ್ 4, ಶುಕ್ರವಾರ

ಪ್ಲಾಸ್ಟರ್ ತೆಗೆದರು. ಇದು ಬಲಗೈ ಬರಹ. ಬೆರಳು ಒಣಗಿದ ಶುಂಠಿಯ ಹಾಗೆ ಕಾಣುತ್ತವೆ, ಪೆನ್ನು ಹಿಡಿದರೆ ನಡುಬೆರಳು ಬೇರೆ ದಿಕ್ಕು ನೋಡುತ್ತದೆ. ಸ್ಕ್ರೂಡ್ರೈವರ್ ಹಿಡಿಯುವುದು ಇನ್ನೂ ಎರಡು ತಿಂಗಳು ಬೇಡ ಎಂದರು ವ್ಯಾಯಾಮದ ಮೇಡಂ.

ಆಸ್ಪತ್ರೆಯಿಂದ ಹೊರಬರುವಾಗ ಗೇಟಿನಲ್ಲಿ ಮೇಷ್ಟ್ರು ಸಿಕ್ಕ. ಒಂದು ಕಿತ್ತಳೆ ಸುಲಿಯುತ್ತಾ ನಿಂತಿದ್ದ. ‘ಅವಳನ್ನ ಹದಿನೆಂಟಕ್ಕೆ ಬಿಡ್ತಾರಂತೆ ಸಾರ್. ಆವತ್ತು ಕಾರು ರೆಡಿ ಇರ್ಲಿ, ನಾನೇ ಕರ್ಕೊಂಡು ಹೋಗ್ತೀನಿ’ ಎಂದ. ಮಾತು ಮೃದುವೇ. ನಾನು ಮಾತ್ರ ಹಣ್ಣು ಬೇಡ ಎಂದೆ.

ಇವಳು ಹದಿನೈದು ದಿನದಿಂದ ಔಷಧಿ ಕೊಡುವ ನೆಪದಲ್ಲಿ ಆ ಹೆಂಗಸಿನ ವಾರ್ಡಿಗೆ ಹೋಗುತ್ತಿದ್ದಾಳಂತೆ. ನಾನು ಕೇಳದೆ ಇದ್ದರೂ ಹೇಳಿದಳು, ಗೋಡೆಗೆ ಹೇಳುವ ಹಾಗೆ. ಆ ದಿನ ಕಾರು ಬಿಸಿಲಲ್ಲಿ ನಿಂತಿತ್ತು. ಅಣ್ಣ ತಂಗಿ ಒಳಗೆ ಕೂತಿದ್ದರು. ಗಂಡನ ಮನೆ ಬಿಟ್ಟು ಹೊರಡುವ ಮಾತು, ಯಾವ ದಿನ, ಎಲ್ಲಿ ಕೋಣೆ, ಎಲ್ಲ. ದಾರಿ ಹೇಳುವ ಧ್ವನಿ ಕಿರಿಕಿರಿ ಎಂದು ಅವಳು ಸದ್ದು ಪೂರ್ತಿ ಇಳಿಸಿದ್ದಳು. ಸ್ಕ್ರೀನಿಗೆ ಬಿಸಿಲು ಬೀಳದಿರಲಿ ಎಂದು ಒಂದು ಕರವಸ್ತ್ರ ಹೊದಿಸಿದ್ದಳು. ಮಾತು ಮುಗಿದು ಹೊರಡುವಾಗ ಅಣ್ಣ ಆ ಬಟ್ಟೆ ಎತ್ತಿದ. ಕೆಳಗೆ ಗಂಡನ ಹೆಸರು, ಓಡುತ್ತಿರುವ ಗಡಿಯಾರ, ಹನ್ನೊಂದು ನಿಮಿಷ.

ಅಣ್ಣ ತನ್ನ ಮನೆಗೆ ಬಾ ಎಂದನಂತೆ. ತಂಗಿ, ಅವನೇನೂ ಮಾತಾಡಿಲ್ಲವಲ್ಲ, ಕೇಳಿಸಿರಲಿಕ್ಕಿಲ್ಲ, ಬಟ್ಟೆಬರೆ ತಗೊಂಡು ಬರ್ತೀನಿ ಎಂದು ಮನೆಗೆ ಹೋದಳಂತೆ.

ಕಥೆ ಚೆನ್ನಾಗಿ ಕಟ್ಟಿದ್ದಾರೆ. ಸೋಮವಾರ ಅಂಗಡಿಗೆ ಹೋಗಿ ಪರೀಕ್ಷೆ ಮಾಡಿ ಇವರ ಬಾಯಿಗೆ ಬೀಗ ಹಾಕುತ್ತೇನೆ.

ಏಪ್ರಿಲ್ 7, ಸೋಮವಾರ

ಹಿಂದಿನ ಅಂಗಳದಲ್ಲಿ ಕಾರು ಅಲ್ಲೇ ಇತ್ತು, ಸೀಟಿನ ಕವರೂ ಹಳೆಯದೇ. ಬೆಳಿಗ್ಗೆ ಹನ್ನೊಂದಕ್ಕೆ ಕಾರನ್ನು ಬಿಸಿಲಿಗೆ ತಳ್ಳಿಸಿ, ನನ್ನ ಫೋನನ್ನು ಸ್ಕ್ರೀನಿಗೆ ಜೋಡಿಸಿ, ಕಿಟಕಿ ಮುಚ್ಚಿ ಕೂತೆ. ಹತ್ತು ನಿಮಿಷ, ಏನೂ ಇಲ್ಲ. ಇಪ್ಪತ್ತು ನಿಮಿಷ, ಏನೂ ಇಲ್ಲ. ಬೆವರು ಕಿವಿಯೊಳಗೆ ಇಳಿಯಿತು. ‘ನೋಡಿ ಭಾವ, ಹೇಗಿದೆ ಕೆಲಸ’ ಎಂದು ಕೂಗಿ ಹೇಳಿದೆ. ಭಾವ ನೆರಳಿನಿಂದಲೇ ಹೆಬ್ಬೆರಳು ತೋರಿಸಿದರು.

ಮೂವತ್ತೇಳನೆಯ ನಿಮಿಷಕ್ಕೆ ನಕ್ಷೆ ತಾನಾಗಿ ಪಕ್ಕಕ್ಕೆ ಸರಿಯಿತು. ನನ್ನ ಎರಡೂ ಕೈ ತೊಡೆಯ ಮೇಲಿದ್ದವು. ಸ್ಕ್ರೀನು ಫೋನಿನ ಪುಟ ತೆರೆಯಿತು. ಹೆಸರುಗಳು ಮೇಲೆ ಕೆಳಗೆ ಜಾರಿದವು. ಮೊದಲ ಹೆಸರು ಬಣ್ಣ ಬದಲಾಯಿಸಿತು. ಇವಳ ಹೆಸರು.

‘ಏನ್ರೀ?’ ಎಂದು ನಾಲ್ಕು ಸ್ಪೀಕರಿನಿಂದ ಕೇಳಿತು. ‘ಏನ್ರೀ, ಮಾತಾಡಿ.’ ಆಮೇಲೆ ಇವಳು ನಿಧಾನವಾಗಿ, ‘ಫೋನಲ್ಲಿ ತಳ್ಳೋಕಾಗಲ್ಲ. ಏನಿದ್ರೂ ಮಾತಾಡ್ಲೇಬೇಕು, ಹೇಳಿ’ ಎಂದಳು. ನಾನು ಕಾರಿನ ಬಾಗಿಲು ತೆಗೆದು ಹೊರಗೆ ಬಂದು ವಾಂತಿ ಮಾಡಿದೆ. ಬಿಸಿಲಿಗೆ ಹಾಗಾಯಿತು ಎಂದು ಭಾವನಿಗೆ ಹೇಳಿದೆ.

ಏಪ್ರಿಲ್ 8, ಮಂಗಳವಾರ

ಭಾವನ ಕೈಯಲ್ಲಿ ಬಿಚ್ಚಿಸಿದೆ, ನಾನು ಪಕ್ಕದಲ್ಲಿ ಕೂತು ಹೇಳಿದೆ. ತಪ್ಪು ಎರಡೇ ನಿಮಿಷದಲ್ಲಿ ಸಿಕ್ಕಿತು. ಈ ಹಳೆಯ ಸ್ಕ್ರೀನುಗಳಲ್ಲಿ ಮೇಲಿನ ಗಾಜಿಗೂ ಅಂಚಿನ ಚೌಕಟ್ಟಿಗೂ ನಡುವೆ ತೆಳ್ಳಗಿನ ರಬ್ಬರ್ ಪಟ್ಟಿ ಇರುತ್ತದೆ. ಆವತ್ತು ಪಟ್ಟಿ ಮುಗಿದಿತ್ತು. ತರಿಸಲು ಎರಡು ದಿನ ಬೇಕು, ಅವಳಿಗೆ ಕೆಲಸಕ್ಕೆ ಕಾರು ಬೇಕು. ನಾನು ಸ್ಪಂಜಿನಂಥ ಫೋಮ್ ಟೇಪು ಕತ್ತರಿಸಿ ಅಂಟಿಸಿದ್ದೆ. ಎಲ್ಲರೂ ಅಂಟಿಸುತ್ತಾರೆ. ತಣ್ಣಗಿದ್ದಾಗ ಅದು ಸರಿ. ಕಾದರೆ ಉಬ್ಬುತ್ತದೆ, ಉಬ್ಬಿ ಗಾಜಿನ ಅಂಚನ್ನು ಒತ್ತುತ್ತದೆ, ಒತ್ತಿದ್ದನ್ನು ಸ್ಕ್ರೀನು ಬೆರಳು ಎಂದುಕೊಳ್ಳುತ್ತದೆ. ಆ ಬೆರಳು ನನ್ನದೇ.

ಭಾವ ಒಂದೇ ಮಾತು ಹೇಳಿದರು: ‘ಈಗ ರಬ್ಬರ್ ಪಟ್ಟಿ ಇದೆ. ಹಾಕಿ, ಮುಚ್ಚಿ, ಕಾರು ಕೊಟ್ಟು ಕೈ ತೊಳ್ಕೊಳ್ಳೋಣ. ಅಂಗಡಿ ಹೆಸರು ಹೋದ್ರೆ ನಿನ್ನಕ್ಕನೂ ಬೀದಿಗೆ ಬರ್ತಾಳೆ.’

ಕೆಲಸದ ಚೀಟಿಗಳ ಕಟ್ಟಿನಲ್ಲಿ ಫೆಬ್ರವರಿಯ ಚೀಟಿ ಹುಡುಕಿದೆ. ನನ್ನದೇ ಕೈಬರಹ, ಬೆರಳು ನೆಟ್ಟಗಿದ್ದಾಗಿನ ದುಂಡು ಅಕ್ಷರ. ‘ಬಿಸಿಲಲ್ಲಿ ನಿಲ್ಲಿಸಿ ನೋಡಿ ಕೊಡಲು ಗಿರಾಕಿ ಹೇಳಿದ್ದಾರೆ.’ ಹರಿದು ಸಣ್ಣ ಚೂರು ಮಾಡಿ ಕಕ್ಕಸಿಗೆ ಹಾಕಿ ನೀರು ಬಿಟ್ಟೆ. ಒಂದು ಚೂರು ತೇಲುತ್ತಿತ್ತು. ಮತ್ತೊಮ್ಮೆ ನೀರು ಬಿಟ್ಟೆ.

ಆದರೆ ಪಟ್ಟಿ ಬದಲಾಯಿಸಬೇಡಿ ಎಂದೆ ಭಾವನಿಗೆ. ಯಾಕೆ ಎಂದು ಕೇಳಿದರು. ಗೊತ್ತಿಲ್ಲ, ಹಾಗೇ ಇರಲಿ ಎಂದೆ.

ಏಪ್ರಿಲ್ 10, ಗುರುವಾರ

ಮೇಷ್ಟ್ರು ಕಾರಿಗೆ ಬಂದ. ಇನ್ನೂ ಕೆಲಸ ಬಾಕಿ ಇದೆ ಎಂದೆ. ‘ಪ್ಲಾಸ್ಟರ್ ತೆಗೆದ್ರಲ್ಲ, ಕೊಡಿ ಕೈ’ ಎಂದು ಕೈಕುಲುಕಿದ. ಬಿಡಲಿಲ್ಲ. ನಗುತ್ತಲೇ ಒತ್ತುತ್ತಾ ಹೋದ, ನಡುಬೆರಳ ಗಿಣ್ಣನ್ನು ಹುಡುಕಿ ಅಲ್ಲೇ ಹೆಬ್ಬೆಟ್ಟು ಊರಿದ. ‘ಅಂಗಳದಲ್ಲಿ ಕಾರು ಬಿಸಿಲಲ್ಲಿ ನಿಂತಿತ್ತಂತೆ ಮೊನ್ನೆ. ಯಾಕೆ ಸಾರ್ ಸುಮ್ನೆ ಬಿಸಿಲಿಗೆ ಹಾಕ್ತೀರಿ, ಬಣ್ಣ ಹೋಗುತ್ತೆ’ ಎಂದ. ನನ್ನ ಕಣ್ಣಲ್ಲಿ ನೀರು ಇಳಿದ ಮೇಲೆ ಬಿಟ್ಟ. ‘ಹದಿನೆಂಟಕ್ಕೆ ಬೇಕು. ಅವಳನ್ನ ಆ ಕಾರಲ್ಲೇ ಕರ್ಕೊಂಡು ಹೋಗ್ಬೇಕು. ಅವಳ ಅಣ್ಣನ ಮನೆ ದಾರಿ ಅದಕ್ಕೆ ಗೊತ್ತಿರಬಾರದು, ಅದೊಂದು ಅಳಿಸಿಬಿಡಿ.’

ಹಿಂದೆ ಆಗಿದ್ದರೆ ಮೇಜಿನ ಮೇಲಿದ್ದ ಕಾದ ಸೋಲ್ಡರಿಂಗ್ ಕಡ್ಡಿಯನ್ನು ಅವನ ಕೆನ್ನೆಗಿಡುತ್ತಿದ್ದೆ. ಕಡ್ಡಿ ಅಲ್ಲೇ ಇತ್ತು. ನಾನು ಎಂಟು ದಿನ ಲೆಕ್ಕ ಹಾಕುತ್ತಾ ಕೂತಿದ್ದೆ.

ಏಪ್ರಿಲ್ 11, ಶುಕ್ರವಾರ

ಇವಳ ಹುಬ್ಬಿನ ಗೀರು ಮಾಸಿದೆ. ಹತ್ತಿರ ಹೋದರೆ ಮಾತ್ರ ಕಾಣುತ್ತದೆ. ಹತ್ತಿರ ಹೋದರೆ ಇವಳು ಒಂದು ಹೆಜ್ಜೆ ಹಿಂದೆ ಇಡುತ್ತಾಳೆ, ಆಮೇಲೆ ಏನೂ ಆಗಿಲ್ಲದವಳ ಹಾಗೆ ನಿಲ್ಲುತ್ತಾಳೆ. ಸ್ಕ್ರೀನಿನ ವಿಷಯ ಹೇಳಿದೆ. ಕೇಳಿ ಮುಗಿಸಿ, ‘ಇನ್ನೇಳು ದಿನ’ ಎಂದಳು. ಅಷ್ಟೇ.

ಏಪ್ರಿಲ್ 14, ಸೋಮವಾರ

ಠಾಣೆಗೆ ಹೋಗಿ ಬಂದೆ. ಭಾವನಿಗೆ ಹೇಳಲಿಲ್ಲ, ಹೇಳಿದ್ದರೆ ಅವರು ಕಾಲು ಹಿಡಿಯುತ್ತಿದ್ದರು, ನಾನು ನಿಂತುಬಿಡುತ್ತಿದ್ದೆ.

ಪೊಲೀಸಮ್ಮ ಒಬ್ಬರು ಹೇಳಿಕೆ ಬರೆದುಕೊಂಡರು. ದಪ್ಪ ಕನ್ನಡಕ, ನಿಧಾನದ ಕೈ. ನಾನು ಕೊಟ್ಟ ಪತ್ರ ಸುಳ್ಳು ಎಂದೆ. ಪರೀಕ್ಷೆ ಮಾಡದೆ ಸಹಿ ಹಾಕಿದ್ದು ಎಂದೆ. ಫೋಮ್ ಟೇಪಿನ ಕಥೆ ಹೇಳಿದೆ. ಸೀಟ್ ಬೆಲ್ಟಿನ ಕಲೆಯನ್ನೂ ಹೇಳಿದೆ. ಅವರು ತಲೆ ಎತ್ತದೆ, ‘ಬಿಸಿಲಲ್ಲಿ ಹೀಗಾಗುತ್ತೆ ಅಂತ ಯಾರಾದ್ರೂ ಮೊದಲೇ ನಿಮಗೆ ಹೇಳಿದ್ರಾ?’ ಎಂದು ಕೇಳಿದರು.

ಇಲ್ಲ ಎಂದೆ. ಗೊತ್ತಿಲ್ಲದೆ ಮಾಡಿದ ತಪ್ಪು ಎಂದು ಬರೆದುಕೊಂಡರು. ಓದಿ ಹೇಳಿ ಸಹಿ ಮಾಡಿಸಿಕೊಂಡರು, ಬಲಗೈಯಲ್ಲಿ.

‘ಬಾಯಲ್ಲಿ ಹೇಳಿದ್ರೆ ಜಾಮೀನು ರದ್ದಾಗಲ್ಲ. ತೋರಿಸ್ತೀರಾ?’ ಎಂದರು. ತೋರಿಸುತ್ತೇನೆ ಎಂದೆ.

ಏಪ್ರಿಲ್ 16, ಬುಧವಾರ

ಬೆನ್ನು ಸರಿಯಿಲ್ಲ, ಹೊಟ್ಟೆ ಮೇಲೆ ಮಲಗಿ ಬರೆಯುತ್ತಿದ್ದೇನೆ.

ಪೊಲೀಸಮ್ಮ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಸಾಕ್ಷಿಗೆಂದು ಠಾಣೆಯಲ್ಲಿಟ್ಟಿದ್ದ ಸ್ಯಾಂಪಲ್ ಮೇಡಂ ಫೋನನ್ನು ಸ್ಕ್ರೀನಿಗೆ ಜೋಡಿಸಿದೆವು. ಸದ್ದು ಪೂರ್ತಿ ಏರಿಸಿದೆವು. ನಾಲ್ಕು ಬಾಗಿಲೂ ತೆರೆದು ಬಿಸಿಲಲ್ಲಿ ನಿಂತೆವು, ಯಾರೂ ಕಾರನ್ನು ಮುಟ್ಟದ ಹಾಗೆ. ಭಾವ ಒಳಗೆ ಹೋಗಿ ಕದ ಹಾಕಿಕೊಂಡರು. ಬಾಗಿಲು ತೆರೆದದ್ದಕ್ಕೋ ಏನೋ ಈ ಸಲ ಐವತ್ತು ನಿಮಿಷ ಹಿಡಿಯಿತು. ಪೊಲೀಸರಲ್ಲಿ ಒಬ್ಬ ಆಕಳಿಸುತ್ತಿದ್ದ. ಆಗ ನಕ್ಷೆ ಸರಿಯಿತು, ಪುಟ ತೆರೆಯಿತು, ಮೊದಲ ಹೆಸರು ಬಣ್ಣ ಬದಲಾಯಿಸಿತು. ಅವಳು ಕೊನೆಯದಾಗಿ ಫೋನ್ ಮಾಡಿದ್ದ ಹೆಸರು.

ಮೇಷ್ಟ್ರು ಎರಡೇ ರಿಂಗಿಗೆ ಎತ್ತಿದ. ಉಸಿರು ಮೊದಲು ಕೇಳಿತು, ಆಮೇಲೆ ಧ್ವನಿ. ಅದೇ ಮೃದು ಧ್ವನಿ, ಹೊಸಬರಿಗೆ ಕ್ಲಚ್ ಬಿಡುವುದನ್ನು ಕಲಿಸುವವನ ಹಾಗೆ.

‘ಫೋನ್ ವಾಪಸ್ ಕೊಟ್ರಾ ಚಿನ್ನಾ? ಮಾತಾಡ್ಬೇಡ, ದವಡೆ ನೋಯುತ್ತೆ. ಕೇಳಿಸ್ಕೋ ಸಾಕು. ಶುಕ್ರವಾರ ಗೇಟಲ್ಲಿ ನಿಂತಿರ್ತೀನಿ. ನಿಮ್ಮಣ್ಣ ಒಂದು ಬಾಗಿಲಲ್ಲಿ ಕಾದ್ರೆ ನಾನು ಇನ್ನೊಂದರಲ್ಲಿ. ಆವತ್ತು ನಾನು ಮಧ್ಯದಲ್ಲೇ ನಿಲ್ಲಿಸಿದ್ದೆ, ನಿಂಗೆ ಗೊತ್ತು. ಕೈ ಸೋತಿತ್ತು. ಈ ಸಲ ನಿಲ್ಲಿಸಲ್ಲ.’

ಪೊಲೀಸಮ್ಮ ಬರೆಯುತ್ತಿದ್ದರು. ಇನ್ನೊಬ್ಬರು ತಮ್ಮ ಫೋನಿನಲ್ಲಿ ಧ್ವನಿ ಹಿಡಿಯುತ್ತಿದ್ದರು. ಅವನು ಮಾತಾಡುತ್ತಲೇ ಹೋದ, ಎಲ್ಲಿ ಮೊದಲು, ಎಲ್ಲಿ ಆಮೇಲೆ ಎಂದು. ಅದನ್ನು ಇಲ್ಲಿ ಬರೆಯುವುದಿಲ್ಲ. ಆಕಳಿಸುತ್ತಿದ್ದವನು ಗೋಡೆಯ ಕಡೆ ತಿರುಗಿ ನಿಂತಿದ್ದ. ಅಷ್ಟರಲ್ಲಿ ಬೀದಿಯಲ್ಲಿ ಒಂದು ಲಾರಿ ಹಾರ್ನ್ ಹೊಡೆಯಿತು. ಅವನು ಗಪ್ಪನೆ ನಿಲ್ಲಿಸಿದ. ‘ಎಲ್ಲಿದೀಯ ನೀನು?’ ಎಂದ. ಕರೆ ಕಡಿಯಿತು.

ಅವನ ಡ್ರೈವಿಂಗ್ ಸ್ಕೂಲು ನಾಲ್ಕು ಬೀದಿ ಆಚೆ. ಕರೆ ಬಂದದ್ದು ಈ ಅಂಗಳದ ಕಾರಿನಿಂದ ಎಂದು ಅವನಿಗೆ ಹೊಳೆದಿರಬೇಕು. ಪೊಲೀಸಮ್ಮ ಅವನನ್ನು ಹಿಡಿಯಲು ಠಾಣೆಗೆ ಫೋನ್ ಮಾಡುತ್ತಿದ್ದ ಹಾಗೆಯೇ ಅವನೇ ಬಂದ. ಹಿಂದಿನ ಗೇಟಿನಿಂದ, ಕೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಹಿಡಿದು. ಪೊಲೀಸರು ಮುಂಭಾಗದ ನೆರಳಿಗೆ ಹೋಗಿದ್ದರು. ಅಂಗಳದಲ್ಲಿ ನಾನೊಬ್ಬನೇ. ಅವನು ನನ್ನ ಕಡೆ ನೋಡಲೂ ಇಲ್ಲ, ನೇರ ಕಾರಿನ ಸ್ಕ್ರೀನಿಗೆ ಸ್ಪ್ಯಾನರ್ ಎತ್ತಿದ. ನಾನು ಹೇಗೆ ಒಳಗೆ ನುಗ್ಗಿದೆನೋ ತಿಳಿಯದು. ಎರಡು ಸೀಟುಗಳ ನಡುವೆ ಬಿದ್ದು ಸ್ಕ್ರೀನನ್ನು ಎದೆಯ ಕೆಳಗೆ ಹಾಕಿಕೊಂಡಿದ್ದೆ. ಮೊದಲ ಏಟು ಹೆಗಲ ಮೂಳೆಗೆ. ಎರಡನೆಯದು ಬೆನ್ನಿಗೆ. ಮೂರನೆಯದಕ್ಕೆ ಉಸಿರು ಸಿಗಲಿಲ್ಲ. ಅವನು ಬೈಯುತ್ತಿರಲಿಲ್ಲ, ಕೆಲಸ ಮಾಡುವವನ ಹಾಗೆ ಲೆಕ್ಕದಲ್ಲಿ ಹೊಡೆಯುತ್ತಿದ್ದ. ಅವಳು ಇದನ್ನು ಮುಖದಲ್ಲಿ ತಿಂದಳಲ್ಲ ಎಂದುಕೊಂಡೆ. ಐದೋ ಆರೋ ಆದ ಮೇಲೆ ಮೂವರೂ ಬಂದು ಅವನನ್ನು ಎಳೆದು ಬೀಳಿಸಿದರು. ಭಾವನೂ ಸಲಾಕೆ ಹಿಡಿದು ಬಂದರು, ಈ ಸಲ ಹೊತ್ತಿಗೆ ಸರಿಯಾಗಿ. ಬೇಡ ಭಾವ, ಹಿಡಿದಾಯಿತಲ್ಲ ಎಂದೆ.

ಎರಡು ಪಕ್ಕೆಲುಬು ಬಿರುಕು ಬಿಟ್ಟಿವೆಯಂತೆ. ಇವಳು ಬೆನ್ನಿಗೆ ಮುಲಾಮು ಹಚ್ಚಿದಳು. ಹಾಸಿಗೆ ಇನ್ನೂ ಹೊರಗಿನ ಕೋಣೆಯಲ್ಲೇ ಇದೆ. ಬೀರುವಿನ ವಿಷಯ ನಾನಾಗಿಯೇ ಎತ್ತಿದೆ. ತಾಗಿದ್ದಲ್ಲ, ನಾನೇ ಬಲವಾಗಿ ತಳ್ಳಿದ್ದು ಎಂದೆ. ಹಚ್ಚುತ್ತಿದ್ದ ಕೈ ಒಂದು ಕ್ಷಣ ನಿಂತು, ಮತ್ತೆ ಹಚ್ಚಿತು.

ಏಪ್ರಿಲ್ 18, ಶುಕ್ರವಾರ

ಜಾಮೀನು ರದ್ದಾಗಿದೆ. ಅವನು ಒಳಗಿದ್ದಾನೆ. ಗೇಟಿನಲ್ಲಿ ಯಾರೂ ಇರಲಿಲ್ಲ.

ಬೆಳಿಗ್ಗೆ ಇವಳ ಜೊತೆ ವಾರ್ಡಿಗೆ ಹೋದೆ. ಅವಳು ಮಂಚದ ಅಂಚಿನಲ್ಲಿ ಚೀಲ ಕಟ್ಟಿಕೊಂಡು ಕೂತಿದ್ದಳು. ಮುಖದ ಎಡಭಾಗ ಒಳಗೆ ಹೋಗಿದೆ. ಆ ಕಣ್ಣು ತೆರೆದಿದೆ, ಆದರೆ ಏನನ್ನೂ ನೋಡುವುದಿಲ್ಲ. ದವಡೆಗೆ ತಂತಿ ಕಟ್ಟಿರುವುದರಿಂದ ಹಲ್ಲು ಅಗಲಿಸದೆಯೇ ಮಾತಾಡುತ್ತಾಳೆ. ಫೆಬ್ರವರಿಯಲ್ಲಿ ಬಂದಿದ್ದ ಹೆಂಗಸು ಅವಳೇ ಎಂದು ಯಾರಾದರೂ ಹೇಳಬೇಕು.

ವೆಲ್ಡರ್ ನನ್ನನ್ನು ನೋಡಿ ಎದ್ದು ನಿಂತ. ಬಂದು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದ. ನಾನು ಹೆದರಿದೆ, ನಿಜ. ಅವನು ಆ ಬೆರಳುಗಳನ್ನು ನೋಡುತ್ತಾ, ‘ತಪ್ಪಾಯ್ತು ಅಣ್ಣ’ ಎಂದ. ‘ನೀವು ಗೊತ್ತಿಲ್ಲದೆ ಮಾಡಿದ್ರಿ, ನಾನು ಗೊತ್ತಿದ್ದೇ ಮಾಡಿದೆ. ದೂರು ವಾಪಸ್ ತಗೋಬೇಡಿ, ನಾನು ಶಿಕ್ಷೆ ಅನುಭವಿಸ್ತೀನಿ.’ ಅಷ್ಟು ದೊಡ್ಡ ಆಳು, ಮೂಗು ಒರೆಸಿಕೊಳ್ಳುತ್ತಿದ್ದ. ಅವಳು ಹಲ್ಲಿನ ಸಂದಿಯಿಂದ, ‘ನಿಮ್ಮಿಂದ ಇವತ್ತು ಹೊರಗೆ ಹೋಗ್ತಿದೀನಿ. ದೊಡ್ಡ ಉಪಕಾರ ಆಯ್ತು’ ಎಂದಳು. ಇವಳು ನನ್ನ ಪಕ್ಕದಲ್ಲಿ ನಿಂತಿದ್ದಳು.

ಹಾಗೇ ಬಂದುಬಿಡಬಹುದಿತ್ತು. ಚೀಟಿ ನೀರಿನಲ್ಲಿ ಹೋಗಿತ್ತು, ಹೇಳಿಕೆಗೆ ಸಹಿ ಆಗಿತ್ತು, ಅವರು ಕೈ ಮುಗಿಯುತ್ತಿದ್ದರು.

‘ನೀವು ಹೇಳಿದ್ರಿ’ ಎಂದೆ. ‘ಬಿಸಿಲಲ್ಲಿ ನಿಲ್ಲಿಸಿ ನೋಡಿ ಅಂತ ಹೇಳಿದ್ರಿ. ನಾನು ಚೀಟಿಲೂ ಬರ್ಕೊಂಡಿದ್ದೆ. ನೋಡಲಿಲ್ಲ. ಪೊಲೀಸಿನವರಿಗೆ ಯಾರೂ ಹೇಳಿರಲಿಲ್ಲ ಅಂದೆ. ಚೀಟಿ ಹರಿದು ಹಾಕಿದೆ.’

ವೆಲ್ಡರ್‌ನ ಕೈ ನನ್ನ ಬೆರಳುಗಳ ಸುತ್ತ ಬಿಗಿಯಿತು. ನಾನು ಕೈ ಎಳೆದುಕೊಳ್ಳಲಿಲ್ಲ. ಅವಳು ಅಣ್ಣನ ತೋಳಿನ ಮೇಲೆ ಕೈ ಇಟ್ಟಳು. ಅವನು ಬಿಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತ.

‘ಗೊತ್ತು’ ಎಂದಳು ಅವಳು. ‘ಹೇಳಿದ್ದು ನಾನೇ ಅಲ್ವಾ? ಪೊಲೀಸಮ್ಮ ನಿಮ್ಮ ಹೇಳಿಕೆ ಓದಿ ಹೇಳಿದಾಗ ಸುಮ್ನಿದ್ದೆ. ಅವನು ಒಳಗೆ ಹೋಗೋವರೆಗೂ ನೀವು ನನಗೆ ಬೇಕಾಗಿತ್ತು.’

ಅವಳ ಒಂದೇ ಕಣ್ಣು ನನ್ನನ್ನು ನೋಡುತ್ತಿತ್ತು. ಅವಳು ಚೀಲ ಎತ್ತಿಕೊಂಡು ಅಣ್ಣನ ಜೊತೆ ಹೊರಟಳು. ಇವಳು ಮೆಟ್ಟಿಲವರೆಗೂ ಅವಳ ತೋಳು ಹಿಡಿದುಕೊಂಡು ಹೋದಳು.

ನಾನು ಹೇಳಿಕೆ ತಿದ್ದಿಸಲು ಅಲ್ಲಿಂದ ನೇರ ಠಾಣೆಗೆ ಹೋದೆ. ಪೊಲೀಸಮ್ಮ ಊಟಕ್ಕೆ ಹೋಗಿದ್ದರು, ಬೆಂಚಿನ ಮೇಲೆ ಕೂತು ಕಾದೆ.